ವೈಟ್‌ಫೀಲ್ಡ್‌ನ ಪುಟ್ಟಿಗೆ, ಕಾಫಿಪುಡಿಯ ಬಗ್ಗೆ

ಪೀಣ್ಯ, ಭಾನುವಾರ

ಪ್ರೀತಿಯ ಪುಟ್ಟಿ,

ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ನಿನಗೆ ಮೀಟಿಂಗ್ ಬಂತು. ಅದಕ್ಕೇ ಬರೆದು ಕಳಿಸುತ್ತಿದ್ದೇನೆ. ಗೆಳತಿಯರು ಉಡುಗೊರೆ ಕೊಟ್ಟ ಫ್ರೆಂಚ್ ಪ್ರೆಸ್ಸಿಗೆ ನಾನು ತಂದುಕೊಟ್ಟ ಫಿಲ್ಟರ್ ಪುಡಿ ಹಾಕಿದ್ದೀಯ. ಲೋಟದ ತಳದಲ್ಲಿ ಗಸಿ, ಬಾಯೆಲ್ಲ ಕಹಿ. ‘ಪುಡಿ ಹಳೇದಾ ಮಾವ?’ ಅಂತ ಕೇಳಿದೆ. ಪುಡಿ ತಾಜಾ ಇದೆ, ಆ ಪಾತ್ರೆಯದಲ್ಲ ಅಷ್ಟೇ.

ನೀರು ಪುಡಿಯ ಜೊತೆ ಎಷ್ಟು ಹೊತ್ತು ಇರುತ್ತದೆ ಅನ್ನುವುದನ್ನು ಮೊದಲು ನೋಡು. ನುಣ್ಣಗಾದಷ್ಟೂ ಬೀಜದ ಹೆಚ್ಚು ಮೈ ನೀರಿಗೆ ಸಿಗುತ್ತದೆ, ಸಾರ ಬೇಗ ಇಳಿಯುತ್ತದೆ. ಹುಳಿ ಮೊದಲು ಬರುತ್ತದೆ, ಕಹಿ ಕೊನೆಗೆ. ಪ್ರೆಸ್ಸಿನಲ್ಲಿ ಪುಡಿ ನಾಲ್ಕು ನಿಮಿಷ ನೆನೆಯುತ್ತದಲ್ಲ, ಅದಕ್ಕೆ ಉಪ್ಪಿಟ್ಟಿನ ರವೆಯಂಥ ತರಿ ಬೇಕು. ನುಣ್ಣಗಿದ್ದರೆ ಕಹಿಯೂ ಇಳಿಯುತ್ತದೆ, ಜಾಲರಿಯಿಂದ ಪುಡಿಯೂ ನುಸುಳುತ್ತದೆ. ನಿಮ್ಮ ಆಫೀಸಿನ ಕೆಳಗಿನ ಕೆಫೆಯ ಎಸ್ಪ್ರೆಸೊ ಯಂತ್ರದಲ್ಲಿ ಒಂಬತ್ತು ಬಾರ್ ಒತ್ತಡದ ನೀರು 25–30 ಸೆಕೆಂಡಿನಲ್ಲಿ ಹಾದುಹೋಗಬೇಕು. ಅಲ್ಲಿ ಪುಡಿ ಹೆಚ್ಚುಕಡಿಮೆ ಮೈದಾ. ಕಾಗದದ ಸೋಸುಕದ್ದು ಇವೆರಡರ ನಡುವೆ. ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡುವ ಕೋಲ್ಡ್ ಬ್ರೂಗೆ ಎಲ್ಲಕ್ಕಿಂತ ದಪ್ಪ. ಕುಡಿದಾಗ ಹುಳಿ ಮುಂದಾದರೆ ಇನ್ನಷ್ಟು ನುಣ್ಣಗೆ, ಕಹಿ ಮುಂದಾದರೆ ಇನ್ನಷ್ಟು ತರಿ. ಇದನ್ನು ಕಲಿಯಲು ಕೋರ್ಸಿಗೆ ದುಡ್ಡು ಸುರಿಯಬೇಡ.

ನಮ್ಮ ಫಿಲ್ಟರಿನ ಕಥೆ ಬೇರೆ. ಅಲ್ಲಿ ಒತ್ತಡವಿಲ್ಲ, ಕಾಗದವಿಲ್ಲ; ನೀರನ್ನು ತಡೆದು ನಿಲ್ಲಿಸುವುದು ಪುಡಿಯೇ. ಚಿರೋಟಿ ರವೆಗಿಂತ ಒಂದು ಮಟ್ಟ ನುಣುಪು ಇದ್ದರೆ ಡಿಕಾಕ್ಷನ್ ತೊಟ್ಟುತೊಟ್ಟಾಗಿ ಇಳಿಯುತ್ತದೆ. ತರಿಯಾದರೆ ಸರ್ರನೆ ಇಳಿದು ಬಣ್ಣದ ನೀರಾಗುತ್ತದೆ. ತೀರಾ ನುಣುಪಾದರೆ ಬೆಳಗ್ಗೆ ಎಂಟಾದರೂ ಇಳಿಯದೆ, ಫಿಲ್ಟರಿನ ನೆತ್ತಿಗೆ ಚಮಚದಲ್ಲಿ ಕುಟ್ಟುತ್ತಾ ನಿಲ್ಲಬೇಕು. ಚಿಕೋರಿ ಬೆರೆಸುವುದರಲ್ಲೂ ಇದೇ ಲೆಕ್ಕ. ಅದು ಬೇರು, ಅದರಲ್ಲಿ ಕೆಫೀನ್ ಇಲ್ಲ. ನೀರು ಹೀರಿ ಉಬ್ಬಿಕೊಂಡು ಇಳಿಯುವುದನ್ನು ನಿಧಾನ ಮಾಡುತ್ತದೆ, ಡಿಕಾಕ್ಷನ್ನಿಗೆ ಮಂದ ಕೊಡುತ್ತದೆ. ಚಿಕೋರಿ ಶೇ 49 ದಾಟಬಾರದು, ಪ್ರಮಾಣವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು ಅಂತ ಕಾನೂನೇ ಇದೆ, ಓದಿ ಕೊಳ್ಳು. ಪ್ರೆಸ್ಸಿಗೆ ಮಾತ್ರ ಚಿಕೋರಿ ಬೇಡವೇ ಬೇಡ.

ಇನ್ನೊಂದು ಮಾತು. ನಿಮ್ಮ ಕಡೆಯ ಟ್ಯಾಂಕರ್ ನೀರು ಗಡಸು. ಬಿಳಿ ಪದರ ಕಟ್ಟಿ ಫಿಲ್ಟರಿನ ತೂತು ಮುಚ್ಚಿದರೂ ಡಿಕಾಕ್ಷನ್ ನಿಲ್ಲುತ್ತದೆ, ಆಗ ಸುಮ್ಮನೆ ಪುಡಿಯನ್ನು ಬೈಯುತ್ತೇವೆ. ಮೇಲಿನ ಪಾತ್ರೆಯನ್ನು ನಿಂಬೆರಸದ ನೀರಿನಲ್ಲಿ ನೆನೆಸಿ ಉಜ್ಜು.

ಮಿಕ್ಸಿಯಲ್ಲಿ ಪುಡಿ ಮಾಡ್ಕೋತೀನಿ ಅಂದೆಯಲ್ಲ, ಅದು ಬೇಡ. ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಒಡೆದು ಚೂರು ಮಾಡುತ್ತದೆ. ಅರ್ಧ ಧೂಳು, ಅರ್ಧ ನುಚ್ಚು. ಧೂಳು ಕಹಿ ಬಿಡುತ್ತದೆ, ನುಚ್ಚಿನೊಳಗೆ ನೀರೇ ಹೋಗುವುದಿಲ್ಲ. ನಮ್ಮ ಶೆಡ್ಡಿನಲ್ಲಿ ಅಂಥ ಮಾಲು ಕೊಟ್ಟರೆ ಇನ್‌ಸ್ಪೆಕ್ಷನ್ನಿನವರು ವಾಪಸ್ ಎಸೆಯುತ್ತಾರೆ. ಬರ್ ಗ್ರೈಂಡರ್‌ನಲ್ಲಿ ಎರಡು ಹಲ್ಲುಚಕ್ರಗಳಿರುತ್ತವೆ, ಅವುಗಳ ನಡುವಿನ ಗ್ಯಾಪೇ ಪುಡಿಯ ಅಳತೆ. ಮೂವತ್ತು ವರ್ಷ ಗ್ರೈಂಡಿಂಗ್ ಮೆಷಿನ್ ಮುಂದೆ ನಿಂತವನ ಮಾತು ಕೇಳು: ಕಾಸು ಹಾಕುವುದಾದರೆ ಗ್ಯಾಪ್ ಹಿಡಿದು ನಿಲ್ಲಿಸುವ ವಸ್ತುವಿಗೆ ಹಾಕು. ಕೈಯಲ್ಲಿ ತಿರುಗಿಸುವುದಾದರೂ ಸಾಕು. ಎಸ್ಪ್ರೆಸೊ ಯಂತ್ರದ ಆಸೆ ಸದ್ಯಕ್ಕೆ ಬಿಡು.

ಗ್ರೈಂಡರ್ ಬರುವವರೆಗೆ ಅಂಗಡಿಯಲ್ಲೇ ಮಾಡಿಸು. ಮೆಜೆಸ್ಟಿಕ್‌ನಲ್ಲಿ ಹಸಿರು ಮೆಟ್ರೊಗೆ ಬದಲಿಸಿದರೆ ಮಲ್ಲೇಶ್ವರ ದೂರವಲ್ಲ. ಬರೀ ‘ಕಾಫಿಪುಡಿ’ ಅಂದರೆ ಫಿಲ್ಟರಿಗೇ ಅರೆದುಕೊಡುತ್ತಾರೆ. ಪಾತ್ರೆಯ ಹೆಸರು ಹೇಳು, ‘ಚಿಕೋರಿ ಬೇಡ, ತರಿಯಾಗಿರಲಿ’ ಅನ್ನು. ಕಾಲು ಕೆಜಿಗಿಂತ ಹೆಚ್ಚು ಬೇಡ, ಪುಡಿಯಾದ ಮೇಲೆ ಘಮ ಬೇಗ ಹೋಗುತ್ತದೆ. ಈಗ ಉಳಿದಿರುವುದನ್ನು ಎಸೆಯಬೇಡ. ಅಮ್ಮ ಕೊಟ್ಟ ಹಿತ್ತಾಳೆ ಫಿಲ್ಟರ್ ಅಟ್ಟದಿಂದ ಇಳಿಸಿ, ಅದಕ್ಕೆ ಹಾಕು.

ಇಂತಿ ನಿನ್ನ
ಸೋದರಮಾವ