ಮೂವತ್ತು ದಿನಗಳ ಲೆಕ್ಕ



ಗಡಿಭಾಗದ ಕನ್ನಡ ಶಾಲೆಯೊಂದರಲ್ಲಿ ಶಿಕ್ಷಕರೊಬ್ಬರನ್ನು ಸೇವೆಯಿಂದ ತೆಗೆದರೆಂಬ ಸುದ್ದಿ ಬಂದೊಡನೆ ಊರಿನಲ್ಲಿ ಎರಡು ಪ್ರಶ್ನೆಗಳು ಹುಟ್ಟುತ್ತವೆ. ತಪ್ಪು ಯಾರದು? ಇನ್ನು ಮಕ್ಕಳಿಗೆ ಕಲಿಸುವವರಾರು? ಆದೇಶವು ಆ ಶಿಕ್ಷಕರ ಕೈಸೇರಿದ ತಾರೀಖು ಯಾವುದೆಂದು ಕೇಳಿದವರನ್ನು ನಾನು ಕಂಡಿಲ್ಲ. ಆ ತಾರೀಖಿಗೂ ನಿಮ್ಮ ಮಕ್ಕಳ ಕನ್ನಡಕ್ಕೂ ಇರುವ ಸಂಬಂಧವನ್ನು ತಿಳಿಸಲೆಂದೇ ಈ ಬರಹ.

ಮಹಾರಾಷ್ಟ್ರದಲ್ಲಿ ಖಾಸಗಿ ಶಾಲೆಗಳ ನೌಕರರ ಸೇವಾ ಷರತ್ತುಗಳನ್ನು ಕುರಿತ 1977ರ ಕಾಯ್ದೆಯೊಂದಿದೆ. ವಜಾ ಮಾಡಿದರೂ, ಬೇರೆ ಯಾವ ರೀತಿಯಲ್ಲಿ ಸೇವೆ ಕೊನೆಗೊಳಿಸಿದರೂ, ಹುದ್ದೆ ಇಳಿಸಿದರೂ ಶಿಕ್ಷಕನು ಶಾಲಾ ನ್ಯಾಯಾಧಿಕರಣಕ್ಕೆ ಮೇಲ್ಮನವಿ ಸಲ್ಲಿಸಬಹುದೆಂದು ಅದರ 9ನೆಯ ಕಲಮು ಹೇಳುತ್ತದೆ. ಅವಧಿ, ಆದೇಶ ಕೈಸೇರಿದ ದಿನದಿಂದ ಮೂವತ್ತು ದಿನ. ‘ನಮ್ಮದು ಭಾಷಾ ಅಲ್ಪಸಂಖ್ಯಾತರ ಸಂಸ್ಥೆ, ಆ ಕಾಯ್ದೆ ನಮಗೆ ತಾಗದು’ ಎಂದು ಧೈರ್ಯವಾಗಿ ಹೇಳುವ ಆಡಳಿತ ಮಂಡಳಿಗಳಿವೆ. ಅದನ್ನು ನಂಬುವ ಶಿಕ್ಷಕರೂ ಇದ್ದಾರೆ. ಕಾಯ್ದೆಯು ಅಲ್ಪಸಂಖ್ಯಾತರ ಶಾಲೆಗೆ ಕೊಟ್ಟಿರುವ ವಿನಾಯಿತಿ ಬಹಳ ಚಿಕ್ಕದು. ಮುಖ್ಯೋಪಾಧ್ಯಾಯರು ಮತ್ತು ಸಂಸ್ಥೆ ಹೆಸರಿಸಿ ತಿಳಿಸಿದ ಗರಿಷ್ಠ ಮೂವರು, ಇವರ ನೇಮಕಾತಿಗಷ್ಟೇ ಅದು ಸೀಮಿತ. ಉಳಿದ ಶಿಕ್ಷಕರನ್ನು ಮನಬಂದಂತೆ ಮನೆಗೆ ಕಳಿಸುವ ಅಧಿಕಾರ ಅದರಲ್ಲಿಲ್ಲ.

ಇನ್ನು ನಾನು ಹತ್ತಿರದಿಂದ ಬಲ್ಲ ಒಂದು ಪ್ರಕರಣ. ಶಾಲೆಯ ಹೆಸರಾಗಲಿ ಶಿಕ್ಷಕರ ಹೆಸರಾಗಲಿ ಇಲ್ಲಿ ಬೇಡ. ವಿಚಾರಣೆ ಇನ್ನೂ ನಡೆದಿದೆ. ಅಕ್ಕಲಕೋಟೆ ತಾಲೂಕಿನ ಒಂದು ಅನುದಾನಿತ ಕನ್ನಡ ಪ್ರೌಢಶಾಲೆ. ಹನ್ನೊಂದು ವರ್ಷ ಕನ್ನಡ ಮತ್ತು ಇತಿಹಾಸ ಕಲಿಸಿದ ಶಿಕ್ಷಕರ ಕೈಗೆ ಮೇ 4ರಂದು ಮರಾಠಿಯಲ್ಲಿ ಬೆರಳಚ್ಚಾದ ಆದೇಶ ಬಂತು. ಶಾಲೆಗೆ ಆಗಲೇ ಬೇಸಿಗೆ ರಜೆ. ಇಂತಹ ಆದೇಶಗಳು ರಜೆಯ ಮೊದಲ ವಾರದಲ್ಲೇ ಹೊರಡುವುದು ಆಕಸ್ಮಿಕವೆಂದು ನನಗೆ ಎಂದೂ ಅನ್ನಿಸಿಲ್ಲ. ಸಹೋದ್ಯೋಗಿಗಳು ಊರಿಗೆ ಹೋಗಿರುತ್ತಾರೆ, ಮಕ್ಕಳು ಮನೆಯಲ್ಲಿರುತ್ತಾರೆ, ಕಚೇರಿಗೆ ಬೀಗ. ಜೂನ್ ನಡುವೆ ಶಾಲೆಯ ಬಾಗಿಲು ತೆರೆಯುವಷ್ಟರಲ್ಲಿ ಮೂವತ್ತು ದಿನ ಮುಗಿದಿರುತ್ತದೆ.

ಆ ಶಿಕ್ಷಕರಿಗೆ ಮರಾಠಿ ಬಾರದೆಂದಲ್ಲ. ನಿರರ್ಗಳವಾಗಿ ಓದುತ್ತಾರೆ. ಆದರೆ ಕಷ್ಟಕಾಲದಲ್ಲಿ ಮನುಷ್ಯ ಸಲಹೆ ಕೇಳುವುದು ತನ್ನವರಲ್ಲಿ, ತನ್ನ ಭಾಷೆಯಲ್ಲಿ. ಮೇ ಕೊನೆಯ ವಾರದ ಮದುವೆಯೊಂದರಲ್ಲಿ ಇಂಡಿ ತಾಲೂಕಿನ ಅವರ ದೊಡ್ಡಪ್ಪನ ಮಗ ಸಿಕ್ಕರು. ಅವರೂ ಶಿಕ್ಷಕರೇ. ‘ಮೂರು ತಿಂಗಳು ಟೈಮ್ ಅದ ತಮ್ಮಾ, ಗಡಬಡ ಮಾಡಬ್ಯಾಡ’ ಎಂದರಂತೆ. ಆ ಅಣ್ಣ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕರ್ನಾಟಕದ 1983ರ ಶಿಕ್ಷಣ ಕಾಯ್ದೆಯ 94ನೆಯ ಕಲಮು ಮೇಲ್ಮನವಿಗೆ ಮೂರು ತಿಂಗಳನ್ನೇ ಕೊಡುತ್ತದೆ. ಆದರೆ ಆ ಮೂರು ತಿಂಗಳು ಭೀಮೆಯ ಆಚೆ ದಡದವು. ನಮಗೆ ಕನ್ನಡದಲ್ಲಿ ತಲುಪುವ ಕಾನೂನಿನ ತಿಳಿವಳಿಕೆ ಬಹುಪಾಲು ಕರ್ನಾಟಕದ್ದು. ಪತ್ರಿಕೆ ಅಲ್ಲಿಂದ ಬರುತ್ತದೆ, ಪುಸ್ತಕ ಅಲ್ಲಿಂದ ಬರುತ್ತದೆ, ಸಂಬಂಧಿಕರು ಅಲ್ಲಿಯವರು. ನಮ್ಮನ್ನು ಆಳುವ ಕಾನೂನು ಮಾತ್ರ ಇಲ್ಲಿಯದು.

ಎರಡನೆಯ ಸಲಹೆ ಸೊಲ್ಲಾಪುರದ ಗಿರಣಿಯಲ್ಲಿ ದುಡಿದ ಸೋದರಮಾವನದು. ಲೇಬರ್ ಕೋರ್ಟಿನಲ್ಲಿ ವರ್ಷಗಟ್ಟಲೆ ಅವಕಾಶವಿರುತ್ತದೆಂದು ಅವರ ಮಾತು. ಕಾರ್ಮಿಕರ ಮಟ್ಟಿಗೆ ಅದರಲ್ಲಿ ಹುರುಳಿತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಮೊದಲು ಇಂತಿಷ್ಟೇ ದಿನವೆಂಬ ಕಟ್ಟು ಇರಲಿಲ್ಲ. ವಜಾಗೊಂಡವರು ನೇರವಾಗಿ ನ್ಯಾಯಾಲಯಕ್ಕೆ ಹೋಗಲು ಮೂರು ವರ್ಷದ ಮಿತಿ ಬಂದದ್ದು 2010ರ ತಿದ್ದುಪಡಿಯಿಂದ. ಆದರೆ ಶಿಕ್ಷಕನು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕನಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1988ರಲ್ಲೇ ತೀರ್ಪು ಕೊಟ್ಟಿದೆ. ಅದು ಗೋವೆಯ ಶಾಲೆಯೊಂದರ ಶಿಕ್ಷಕಿಯ ಪ್ರಕರಣ. ಗೋವೆಯ ಕನ್ನಡಿಗರೂ ಇದನ್ನು ಓದುತ್ತಿರುವುದರಿಂದ ನೆನಪಿಸಿದೆ.

ಶಿಕ್ಷಕರು ಸುಮ್ಮನೆ ಕುಳಿತಿರಲಿಲ್ಲವೆಂಬುದನ್ನೂ ಹೇಳಬೇಕು. ಹನ್ನೆರಡನೆಯ ದಿನ, ಮೇ 16ರಂದು, ಜಿಲ್ಲೆಯ ಶಿಕ್ಷಣಾಧಿಕಾರಿಗಳಿಗೆ ಅಚ್ಚಗನ್ನಡದಲ್ಲಿ ನಾಲ್ಕು ಪುಟದ ಮನವಿ ಬರೆದು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದರು. ಸಂವಿಧಾನದ 350ನೆಯ ಅನುಚ್ಛೇದ ನಮಗೆಲ್ಲ ಬಾಯಿಪಾಠ: ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕುಂದುಕೊರತೆಯ ಮನವಿಯನ್ನು ಯಾವ ಅಧಿಕಾರಿಗಾದರೂ ಸಲ್ಲಿಸಬಹುದು. ಅಮೂಲ್ಯವಾದ ಹಕ್ಕು; ನಾನೂ ಎಷ್ಟೋ ಸಲ ಬಳಸಿದ್ದೇನೆ. ಆದರೆ ಮನವಿ ಬೇರೆ, ಮೇಲ್ಮನವಿ ಬೇರೆ. ಶಿಕ್ಷಣಾಧಿಕಾರಿಗಳಿಗೆ ಪತ್ರ ಹಾಕಿದ ಮಾತ್ರಕ್ಕೆ ನ್ಯಾಯಾಧಿಕರಣದ ದಿನಗಣನೆ ನಿಲ್ಲುವುದಿಲ್ಲ. ಸಂಸ್ಥೆಯವರಂತೂ ‘ಸಾಲಿ ಸುರು ಆಗಲಿ, ನೋಡೋಣ’ ಎನ್ನುತ್ತಲೇ ಇದ್ದರು. ಶಾಲೆ ಶುರುವಾಯಿತು. ಮಸ್ಟರಿನಲ್ಲಿ ಅವರ ಹೆಸರಿರಲಿಲ್ಲ.

ನನ್ನಲ್ಲಿಗೆ ಬಂದಾಗ ಜುಲೈ ಎರಡನೆಯ ವಾರ. ಕಾಗದಪತ್ರ ಹೊಂದಿಸಿ, ಸೊಲ್ಲಾಪುರದ ವಕೀಲರ ಮೂಲಕ ಮೇಲ್ಮನವಿ ದಾಖಲಾದದ್ದು ಜುಲೈ 17ಕ್ಕೆ. ಜೂನ್ 3ಕ್ಕೆ ಅವಧಿ ಮುಗಿದಿತ್ತು. ನಲವತ್ನಾಲ್ಕು ದಿನಗಳ ವಿಳಂಬ.

ಅದೇ 9ನೆಯ ಕಲಮಿನಲ್ಲಿ ಒಂದು ಕಿಟಕಿಯೂ ಇದೆ. ಸಕಾರಣವಿದೆಯೆಂದು ಮನವರಿಕೆಯಾದರೆ ನ್ಯಾಯಾಧಿಕರಣವು ಮೂವತ್ತು ದಿನ ಕಳೆದ ಮೇಲೂ ಮೇಲ್ಮನವಿಯನ್ನು ಸ್ವೀಕರಿಸಬಹುದು. ಇದಕ್ಕಾಗಿ ಸಲ್ಲಿಸುವುದೇ ವಿಳಂಬ ಮನ್ನಾ ಅರ್ಜಿ. ‘ಕಾನೂನು ಗೊತ್ತಿರಲಿಲ್ಲ ಎಂದಷ್ಟೇ ಬರೆದರೆ ನಡೆಯುವುದಿಲ್ಲ ಸರ್’ ಎಂದು ವಕೀಲರು ಮೊದಲೇ ಎಚ್ಚರಿಸಿದರು. ಆ ದಿನಗಳಲ್ಲಿ ಶಿಕ್ಷಕರು ಏನು ಮಾಡುತ್ತಿದ್ದರು, ಯಾರನ್ನು ನಂಬಿ ಕಾದರು, ಅದಕ್ಕೆ ಪುರಾವೆ ಏನು, ಇವನ್ನೆಲ್ಲ ತೋರಿಸಬೇಕು. ಸರ್ವೋಚ್ಚ ನ್ಯಾಯಾಲಯವು 1987ರ ಕಾಶ್ಮೀರದ ಭೂಸ್ವಾಧೀನ ಪ್ರಕರಣದಲ್ಲಿ ಇಂತಹ ಅರ್ಜಿಗಳನ್ನು ಉದಾರವಾಗಿ ನೋಡಬೇಕೆಂದಿತು. 1998ರಲ್ಲಿ ಮತ್ತೊಂದು ಪ್ರಕರಣದಲ್ಲಿ 883 ದಿನಗಳ ವಿಳಂಬವನ್ನೂ ಮನ್ನಿಸಿ, ದಿನಗಳ ಉದ್ದಕ್ಕಿಂತ ವಿವರಣೆಯ ನಂಬಲರ್ಹತೆ ದೊಡ್ಡದೆಂದಿತು. ಹಾಗೆಂದು ಬಾಗಿಲು ಸದಾ ತೆರೆದಿದೆ ಎಂದುಕೊಳ್ಳಬಾರದು. 2013ರಲ್ಲಿ ಪಶ್ಚಿಮ ಬಂಗಾಳದ ಒಂದು ಶಾಲೆಯ ಆಡಳಿತ ಸಮಿತಿ 2449 ದಿನ ತಡಮಾಡಿದ್ದನ್ನು ಅದೇ ನ್ಯಾಯಾಲಯ ಕ್ಷಮಿಸಲಿಲ್ಲ. ಅಲ್ಲಿ ತಡಮಾಡಿದ್ದು ಆಡಳಿತ ಸಮಿತಿ, ಎದುರಿಗಿದ್ದವರು ಶಿಕ್ಷಕಿ. ಓದಿದಾಗ ನನಗೆ ಸ್ವಲ್ಪ ಸಮಾಧಾನವೇ ಆಯಿತು.

ನಮ್ಮ ಶಿಕ್ಷಕರ ಬಳಿ ಪುರಾವೆಯೆಂದು ಇದ್ದದ್ದು ಮೇ 16ರ ಅಂಚೆ ರಸೀದಿಯೊಂದೇ. ಆದೇಶ ಬಂದಿದ್ದ ಲಕೋಟೆಯನ್ನು ಮನೆಯವರು ಎಸೆದಿದ್ದರು. ಸಂಸ್ಥೆಯವರ ಭರವಸೆಗಳೆಲ್ಲ ಬಾಯಿಮಾತು. ಆಗ ನೆರವಿಗೆ ಬಂದವರು ಪಾಲಕರು. ಜೂನ್ 20ರಂದು ಪಾಲಕರ ಸಭೆ ನಡೆದಿತ್ತು. ‘ಕನ್ನಡದ ಸರ್ ಯಾಕೆ ಬರುತ್ತಿಲ್ಲ’ ಎಂದು ಒಬ್ಬ ತಾಯಿ ಕೇಳಿದ್ದಕ್ಕೆ, ಕಾರ್ಯದರ್ಶಿಗಳು ‘ಸರ್ ಜುಲೈಯಿಂದ ಬರುವರು’ ಎಂದು ಉತ್ತರಿಸಿದ್ದರು. ಆ ಪ್ರಶ್ನೆ, ಆ ಉತ್ತರ ಎರಡೂ ಸಭೆಯ ನಡಾವಳಿ ಪುಸ್ತಕದಲ್ಲಿ ಕನ್ನಡದಲ್ಲಿ ದಾಖಲಾಗಿದ್ದವು. ಕೆಳಗೆ ಹದಿನೇಳು ಸಹಿ, ನಾಲ್ಕು ಹೆಬ್ಬೆಟ್ಟು. ಆ ಪುಟವನ್ನು ಮರಾಠಿಗೆ ಅನುವಾದಿಸಿ, ಇಬ್ಬರು ಪಾಲಕರ ಪ್ರಮಾಣಪತ್ರದೊಡನೆ ಅರ್ಜಿಗೆ ಲಗತ್ತಿಸಿದೆವು. ಅವರಲ್ಲಿ ಒಬ್ಬರು ಪ್ರಶ್ನೆ ಕೇಳಿದ ಆ ತಾಯಿ. ದಿನಗೂಲಿ ಬಿಟ್ಟು ಎರಡು ಸಲ ಸೊಲ್ಲಾಪುರಕ್ಕೆ ಬಂದರು.

ಸಂಸ್ಥೆ ತನ್ನ ವಕೀಲರ ಮೂಲಕ ತೀವ್ರವಾಗಿ ವಿರೋಧಿಸಿತು. ಒಂಬತ್ತು ತಿಂಗಳ ಬಳಿಕ ವಿಳಂಬ ಮನ್ನಾ ಆಯಿತು. ಎದುರು ಪಕ್ಷಕ್ಕೆ ಖರ್ಚು ಕೊಡಬೇಕೆಂಬ ಷರತ್ತಿನೊಡನೆ. ಲೆಕ್ಕ ಹಾಕಿ ನೋಡಿ, ನಲವತ್ನಾಲ್ಕು ದಿನಗಳನ್ನು ಮನ್ನಿಸಿಕೊಳ್ಳಲು ಒಂಬತ್ತು ತಿಂಗಳು. ವಜಾ ಸರಿಯೇ ತಪ್ಪೇ ಎಂಬ ಮೂಲ ಪ್ರಶ್ನೆಯ ವಿಚಾರಣೆ ಶುರುವಾದದ್ದೇ ಆಮೇಲೆ. ಅಷ್ಟರಲ್ಲಿ ಹತ್ತನೆಯ ತರಗತಿಯ ಒಂದು ತಂಡ ಕನ್ನಡ ಶಿಕ್ಷಕರಿಲ್ಲದೆಯೇ ಪರೀಕ್ಷೆ ಬರೆದು ಹೊರಬಿತ್ತು. ಇತಿಹಾಸದ ಪಾಠವನ್ನು ಕನ್ನಡ ಬಾರದ ಶಿಕ್ಷಕರೊಬ್ಬರು ಮರಾಠಿಯಲ್ಲಿ ನಡೆಸಿದರು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಶಿಕ್ಷಕರು ಬಂದರೆ ಏನಾಗುತ್ತದೆಂಬುದನ್ನು ಕಾಸರಗೋಡಿನ ಪಾಲಕರಿಗೆ ನಾನು ವಿವರಿಸಬೇಕಿಲ್ಲ.

ಕಾಸರಗೋಡು, ತಾಳವಾಡಿ, ಆದೋನಿ, ಎಲ್ಲಿಯವರೇ ಆಗಿರಲಿ, ನಾನು ಬರೆದ ಮೂವತ್ತು ದಿನ ನಿಮ್ಮದೂ ಎಂದು ತಿಳಿಯಬೇಡಿ. ನಿಮ್ಮ ರಾಜ್ಯದ ಕಾಯ್ದೆ ಬೇರೆ, ಅವಧಿ ಬೇರೆ. ಅದನ್ನು ನಿಮ್ಮ ಜಿಲ್ಲೆಯ ವಕೀಲರಲ್ಲೇ ಕೇಳಿ, ಕರ್ನಾಟಕದ ಬಂಧುಗಳಲ್ಲಿ ಬೇಡ. ಜಿಲ್ಲಾ ಪರಿಷತ್ತಿನ ಶಾಲೆಗಳಿಗೂ ದಾರಿ ಬೇರೆಯೇ. ಆದರೆ ಪಾಲಕರ ಸಭೆಯಲ್ಲಿ ಆಡಿದ ಮಾತನ್ನು ತಾರೀಖಿನೊಡನೆ ಬರೆಸುವುದು, ಓದಿ ನೋಡಿ ಸಹಿ ಹಾಕುವುದು ಯಾವ ರಾಜ್ಯದಲ್ಲಾದರೂ ಆಗುವ ಕೆಲಸ. ಶಿಕ್ಷಕರು ಕಾಣೆಯಾದ ವಾರವೇ ಅವರ ಮನೆಗೆ ಹೋಗಿ ಕಾಗದವೇನಾದರೂ ಬಂದಿದೆಯೇ ಎಂದು ವಿಚಾರಿಸಬಹುದು. ಸಂಕೋಚದಿಂದ ಅವರಾಗಿ ಹೇಳುವುದಿಲ್ಲ. ನಮ್ಮ ಮೇಷ್ಟ್ರುಗಳ ಜಾತಿಯೇ ಹಾಗೆ.

ಈ ಬೇಸಿಗೆಯಲ್ಲಿ ಆ 9ನೆಯ ಕಲಮಿನ ಸಾರವನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದು, ತಾಲೂಕಿನ ಐದು ಕನ್ನಡ ಶಾಲೆಗಳ ಶಿಕ್ಷಕರ ಕೊಠಡಿಯಲ್ಲಿ ಅಂಟಿಸಲು ಕೊಟ್ಟು ಬಂದೆ. ಮೂರು ಕಡೆ ಅಂಟಿಸಿದ್ದಾರೆ. ನಾಲ್ಕನೆಯ ಕಡೆ ಮುಖ್ಯೋಪಾಧ್ಯಾಯರು ಅದನ್ನು ಮಡಚಿ ಮೇಜಿನ ಖಾನೆಯಲ್ಲಿಟ್ಟುಕೊಂಡರು. ಐದನೆಯವರು ಸಂಸ್ಥೆಯವರನ್ನು ಕೇಳಿ ತಿಳಿಸುತ್ತೇನೆಂದಿದ್ದಾರೆ. ಆ ಪುಟ ಬೇಕಾದವರು ಕೇಳಿದರೆ ಕಳಿಸಿಕೊಡುತ್ತೇನೆ.