ಸೋಪಿನ ನೊರೆ ಮತ್ತು ಭಾವನ ವ್ಯಾನು

ಗುಂಡ್ಲುಪೇಟೆ ಅಂದ್ರೆ ನಿಮಗೆಲ್ಲ ಚೆಂಡುಹೂವಿನ ಹೊಲ, ಗೋಪಾಲಸ್ವಾಮಿ ಬೆಟ್ಟ ನೆನಪಾಗಬಹುದು. ಅಲ್ಲಿಗೆ ರಾತ್ರಿ ಒಂಬತ್ತರ ಮೇಲೆ ಬಂದವರನ್ನು ಕೇಳಿ, ಬೇರೆ ಕತೆ ಹೇಳ್ತಾರೆ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡಲ್ಲ, 2009ರಿಂದಲೂ ಹಾಗೇ (ಕೆಲವು ಬಸ್ಸು, ಆಂಬುಲೆನ್ಸ್ ಬಿಟ್ಟು). ತಡವಾದವರು ಗೇಟಿನ ಈಚೆಯೇ ಮಲಗಬೇಕು.

ಚಾಮರಾಜನಗರದ ನಮ್ಮ ಭಾವ ಇದಕ್ಕೊಂದು ಉಪಾಯ ಮಾಡಿದರು. ಹಳೇ ಟೆಂಪೋ ಟ್ರಾವೆಲರ್ ಕೊಂಡು ಒಳಗೆ ಹಾಸಿಗೆ, ಒಲೆ, ಸಿಲಿಂಡರ್ ಎಲ್ಲ ಕೂರಿಸಿಬಿಟ್ಟರು. ಅಕ್ಕನನ್ನೂ ನಾಲ್ಕು ವರ್ಷದ ಮಗನನ್ನೂ ಕೂರಿಸಿಕೊಂಡು ವಯನಾಡಿಗೆ ಹೊರಡೋದು ಅಂತ. ಮಗು ಮಲಗೋ ಜಾಗ ನೆಲಕ್ಕೆ ಒಂದು ಗೇಣು ಮೇಲೆ.

ನೋಡೋಕೆ ಹೋದೆ. ಬಾಗಿಲು ತೆಗೆದ್ರೆ ಸಣ್ಣಗೆ ವಾಸನೆ.

"ಹೊಸ ಪೈಂಟು ಕನಪ್ಪ. ಎಲ್ಲಾ ಜಾಯಿಂಟ್‌ಗೂ ಟೇಪು ಸುತ್ಸಿವ್ನಿ ಬುಡು" ಅಂದ್ರು ಭಾವ.

ಅಡುಗೆ ಅನಿಲಕ್ಕೆ ಸ್ವಂತ ವಾಸನೆ ಇಲ್ಲ. ಸೋರಿದ್ರೆ ಗೊತ್ತಾಗಲಿ ಅಂತಲೇ ಈಥೈಲ್ ಮರ್ಕಾಪ್ಟನ್ ಬೆರೆಸ್ತಾರೆ. ಆ ಕೊಳೆತ ವಾಸನೆ ಪೈಂಟಿಂದ ಬರೋದಲ್ಲ. ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದು ಗಾಳಿಯಾಡಿಸಿ, ಆಮೇಲೆ ಒಲೆಯ ತಿರುಪು ಮುಚ್ಚಿಟ್ಟು ಗ್ಯಾಸ್ ಬಿಟ್ಟೆವು. ಮಗ್ಗಿನಲ್ಲಿ ಸೋಪಿನ ನೊರೆ, ಶೇವಿಂಗ್ ಬ್ರಷ್ಷು. ಮೂರು ಜಾಯಿಂಟು ಸುಮ್ಮನಿದ್ದವು. ನಾಲ್ಕನೆಯ ಹಿತ್ತಾಳೆ ನಟ್ಟಿನಲ್ಲಿ ಅನ್ನ ಕುದಿಯೋ ಹಾಗೆ ಗುಳ್ಳೆ!

ತಮಾಷೆ ಅಂದ್ರೆ ಅಲ್ಲಿ ಟೇಪೇ ಇರಬಾರದಿತ್ತು. ತುದಿಗೆ ಹೋದಂತೆ ಸಣ್ಣಗಾಗೋ ಮರೆ ಇರುತ್ತಲ್ಲ, ಅದಕ್ಕೆ ಟೇಪು ಬೇಕು. ಅದೂ ನಲ್ಲಿಗೆ ಸುತ್ತೋ ತೆಳು ಬಿಳಿಯದಲ್ಲ, ಗ್ಯಾಸಿಗೆಂದೇ ಬರೋ ದಪ್ಪನೆಯದು, ಸಾಮಾನ್ಯವಾಗಿ ಹಳದಿ. ಮೊದಲ ಒಂದೆರಡು ಮರೆ ಬಿಟ್ಟು ಸುತ್ತಬೇಕು, ಇಲ್ಲದಿದ್ರೆ ಚೂರು ಒಳಗೆ ಹೋಗಿ ಒಲೆಯ ರಂಧ್ರ ಕಟ್ಟುತ್ತೆ. ತಾಮ್ರದ ಕೊಳವೆಯ ಬಾಯಿಯನ್ನು ಕಹಳೆಯಂತೆ ಅರಳಿಸಿ ನಟ್ಟು ಬಿಗಿಯೋ ಜಾಯಿಂಟಿನಲ್ಲಿ ಲೋಹಕ್ಕೆ ಲೋಹವೇ ಒತ್ತಿ ಕೂರಬೇಕು. ಟೇಪು ನಡುವೆ ಸಿಕ್ಕಿದ್ರೆ ಸರಿಯಾಗಿ ಕೂರಲ್ಲ. ಫ್ರಿಜ್ ರಿಪೇರಿಯವರೊಬ್ಬರು ಕೊಳವೆಯ ತುದಿ ಕತ್ತರಿಸಿ, ಹೊಸದಾಗಿ ಅರಳಿಸಿ, ಎರಡು ಸ್ಪ್ಯಾನರ್ ಹಿಡಿದು ಬಿಗಿದುಕೊಟ್ಟರು.

ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದ್ರೆ ನೆಲಕ್ಕೇ ಇಳಿಯೋದು. ಅಂದ್ರೆ ಮಗು ಮಲಗೋ ಕಡೆಗೇ. ಅದಕ್ಕೇ ಹಟ ಹಿಡಿದು ಸಿಲಿಂಡರ್ ಪೆಟ್ಟಿಗೆಯ ತಳದಿಂದ ಹೊರಕ್ಕೆ ತೂತು ಕೊರೆಸಿದೆ. ಭಾವನಿಗೆ ಹೊಸ ಪೈಂಟು ಹಾಳಾಯ್ತಲ್ಲ ಅಂತ ಸಂಕಟ :-)

ಹೋದ ವಾರ ಹೊರಟರು. ರಸ್ತೆಯ ಕುಲುಕಾಟಕ್ಕೆ ನಟ್ಟು ಸಡಿಲವಾಗಬಹುದು ಅಂತ ಅಕ್ಕ ಸುಲ್ತಾನ್ ಬತ್ತೇರಿಯಲ್ಲಿ ಇಳಿದು ಮತ್ತೆ ನೊರೆ ಹಚ್ಚಿ ನೋಡಿದಳಂತೆ. ಒಂದೂ ಗುಳ್ಳೆ ಬರಲಿಲ್ಲ. ಆಮೇಲೆ ಭಾವ ಅದೇ ಮಗ್ಗಿನಲ್ಲಿ ಟೀ ಕುಡಿದು, ಇದ್ಯಾಕೆ ಹಿಂಗೈತೆ ಅಂದ್ರಂತೆ.