ಗಣಕದ ನೀರುಗಂಟಿ

ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯು ತನ್ನ ಹೆಸರಿನಲ್ಲಿಯೇ ಕಡಲನ್ನು ಹೊತ್ತಿರುವ ಊರು. ಅಂಬುಧಿ ಎಂದರೆ ಸಮುದ್ರ. ಕೆರೆಗಳನ್ನು ಸಮುದ್ರ, ಸಾಗರ, ಅಂಬುಧಿ ಎಂದು ಕರೆದು ಗೌರವಿಸುವುದು ಕನ್ನಡನಾಡಿನ ಹಳೆಯ ರೂಢಿ. ಆದರೆ ಕೆರೆ ತುಂಬಿದ ಮಾತ್ರಕ್ಕೆ ಗದ್ದೆಗಳು ಹಸಿರಾಗುವುದಿಲ್ಲ. ತೂಬನ್ನು ಯಾವಾಗ ತೆರೆಯಬೇಕು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕು, ಅಚ್ಚುಕಟ್ಟಿನ ಕೊನೆಯ ಗದ್ದೆಯವನ ಪಾಲು ಹೇಗೆ ಉಳಿಯಬೇಕು ಎಂಬುದನ್ನೆಲ್ಲ ನೋಡಿಕೊಳ್ಳಲು ಕೆರೆಯಿದ್ದ ಊರುಗಳಲ್ಲಿ ಹಿಂದೆ ನೀರುಗಂಟಿ ಎಂಬವನಿರುತ್ತಿದ್ದನು. ಆ ಕೆಲಸದಲ್ಲಿ ಅವನು ಉಳುವವನಲ್ಲ, ಬಿತ್ತುವವನೂ ಅಲ್ಲ. ಆದರೆ ಅವನಿಲ್ಲದೆ ಉಳುಮೆಯೂ ಬಿತ್ತನೆಯೂ ಫಲಿಸುತ್ತಿರಲಿಲ್ಲ.

ಗಣಕಯಂತ್ರದೊಳಗೂ ಇಂತಹ ಒಬ್ಬ ನೀರುಗಂಟಿಯುಂಟು. ಅದಕ್ಕೆ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಲೆಕ್ಕ ಮಾಡುವ ಪ್ರೊಸೆಸರು ಒಂದು. ಅದರ ಸಮಯವನ್ನು ಬೇಡುವ ಕಾರ್ಯಕ್ರಮಗಳು ಹಲವು. ಯಾವುದಕ್ಕೆ ಎಷ್ಟು ಸಮಯ, ಎಷ್ಟು ಸ್ಮರಣೆ ಸಲ್ಲಬೇಕೆಂಬುದನ್ನು ಈ ವ್ಯವಸ್ಥೆಯೇ ಗೊತ್ತುಮಾಡುತ್ತದೆ. ಕೀಲಿಮಣೆ, ಪರದೆ, ಧ್ವನಿವರ್ಧಕಗಳೊಡನೆ ಮಾತನಾಡುವುದೂ ಇದರ ಹೊಣೆಯೇ. ಇದರ ಸಾಮರ್ಥ್ಯಕ್ಕೆ ಕಠಿನ ಪರೀಕ್ಷೆಯೊಡ್ಡುವ ಕೆಲಸಗಳಲ್ಲಿ ಆಟವೂ ಒಂದು. ಪತ್ರವೊಂದು ಅರ್ಧ ಸೆಕೆಂಡು ತಡವಾಗಿ ತೆರೆದರೆ ಯಾರಿಗೂ ನಷ್ಟವಿಲ್ಲ. ಆಟದಲ್ಲಿಯಾದರೋ ಪರದೆಯ ಚಿತ್ರವು ಸೆಕೆಂಡಿಗೆ 60 ಬಾರಿ ಬದಲಾಗಬೇಕೆಂದರೆ, ಒಂದೊಂದು ಚಿತ್ರಕ್ಕೂ ದೊರೆಯುವುದು ಸೆಕೆಂಡಿನ 60ರಲ್ಲಿ ಒಂದು ಪಾಲು ಮಾತ್ರ. ಅಷ್ಟರೊಳಗೆ ಪಾಲು ಸಲ್ಲದಿದ್ದರೆ ಓಡುವ ಕುದುರೆ ಎಡವಿದಂತೆ ಕಾಣುತ್ತದೆ.

ಆಟವನ್ನು ಹಿರಿಯರು ಕಾಲಹರಣವೆಂದು ಬಗೆಯುವುದುಂಟು. ಆದರೆ ಇಂದು ಜಗತ್ತಿನ ಬಹುಪಾಲು ಗಣಕಗಳಿಗೆ ದಾರಿ ತೋರಿದ ವ್ಯವಸ್ಥೆಯೊಂದು ಆಟದ ಆಸೆಯಿಂದಲೇ ಮೊಳೆಯಿತು. ಅಮೆರಿಕದ ಬೆಲ್ ಪ್ರಯೋಗಾಲಯವು ಇತರ ಎರಡು ಸಂಸ್ಥೆಗಳೊಡನೆ ಸೇರಿ ‘ಮಲ್ಟಿಕ್ಸ್’ ಎಂಬ ಬೃಹತ್ ವ್ಯವಸ್ಥೆಯನ್ನು ಕಟ್ಟಲು ಹೊರಟಿತ್ತು. ಕೆಲಸವು ಬೆಳೆಯುತ್ತ ಹೋಯಿತೇ ಹೊರತು ಬೇಗನೆ ಕೈಗೂಡಲಿಲ್ಲ. 1969ರಲ್ಲಿ ಬೆಲ್ ಪ್ರಯೋಗಾಲಯವು ಅದರಿಂದ ಹಿಂದೆ ಸರಿಯಿತು. ಅಲ್ಲಿನ ಕೆನ್ ಥಾಂಪ್ಸನ್ ಎಂಬ ತರುಣನು ಆ ವೇಳೆಗೆ ‘ಸ್ಪೇಸ್ ಟ್ರಾವೆಲ್’ ಎಂಬ ಆಟವೊಂದನ್ನು ಬರೆದಿದ್ದನು. ಸೌರಮಂಡಲದಲ್ಲಿ ನೌಕೆಯೊಂದನ್ನು ನಡೆಸಿ ಗ್ರಹ, ಉಪಗ್ರಹಗಳ ಮೇಲೆ ಇಳಿಸುವುದು ಆ ಆಟ. ಪ್ರಯೋಗಾಲಯದ ದೊಡ್ಡ ಗಣಕದಲ್ಲಿ ಅದನ್ನು ಒಮ್ಮೆ ಆಡಿದರೆ ಸುಮಾರು 75 ಡಾಲರುಗಳಷ್ಟು ಗಣಕಸಮಯ ವೆಚ್ಚವಾಗುತ್ತಿತ್ತು. ಚಿತ್ರವೂ ತಡೆತಡೆದು ಚಲಿಸುತ್ತಿತ್ತು.

ಥಾಂಪ್ಸನ್ನನ ಕಣ್ಣು ಆಗ ಹೆಚ್ಚಾಗಿ ಯಾರೂ ಬಳಸದೆ ಇದ್ದ ‘ಪಿಡಿಪಿ-7’ ಎಂಬ ಸಣ್ಣ ಗಣಕದ ಮೇಲೆ ಬಿದ್ದಿತು. ಅದಕ್ಕೆ ಒಳ್ಳೆಯ ಪರದೆಯಿತ್ತು. ಗೆಳೆಯ ಡೆನಿಸ್ ರಿಚಿಯ ನೆರವಿನಿಂದ ಅವನು ಆಟವನ್ನು ಅದಕ್ಕೆ ಹೊಂದುವಂತೆ ಮತ್ತೆ ಬರೆದನು. ಕಾರ್ಯಕ್ರಮವನ್ನು ಬೇರೆ ಗಣಕದಲ್ಲಿ ಸಿದ್ಧಪಡಿಸಿ, ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಮೂಡಿಸಿ ಹೊತ್ತು ತರಬೇಕಾಗಿತ್ತು. ಈ ಶ್ರಮವೇ ಅವನಿಗೆ ಆ ಯಂತ್ರದ ಒಳಗುಟ್ಟನ್ನು ಕಲಿಸಿತು. ಬಳಿಕ ಅವನು ಕಡತಗಳನ್ನು ಇರಿಸುವ ಕ್ರಮವನ್ನೂ, ಆಜ್ಞೆಗಳನ್ನು ಸ್ವೀಕರಿಸುವ ಕ್ರಮವನ್ನೂ ಒಂದೊಂದಾಗಿ ರಚಿಸಿದನು. ಹೀಗೆ ಮೂಡಿದ ಪುಟ್ಟ ವ್ಯವಸ್ಥೆಗೆ 1970ರಲ್ಲಿ ‘ಯುನಿಕ್ಸ್’ ಎಂಬ ಹೆಸರು ಬಂದಿತು. 1973ರಲ್ಲಿ ರಿಚಿಯು ರೂಪಿಸಿದ ‘ಸಿ’ ಭಾಷೆಯಲ್ಲಿ ಅದನ್ನು ತಿರುಗಿ ಬರೆಯಲಾಯಿತು. ಒಂದೇ ಯಂತ್ರಕ್ಕೆ ಅಂಟಿಕೊಂಡಿದ್ದ ವ್ಯವಸ್ಥೆಯು ಬೇರೆ ಯಂತ್ರಗಳಿಗೂ ಸಾಗಬಲ್ಲದಾಯಿತು. 1983ರಲ್ಲಿ ಇವರಿಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ಸಂದಿತು.

1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಯುನಿಕ್ಸನ್ನು ಹೋಲುವ ವ್ಯವಸ್ಥೆಯೊಂದರ ತಿರುಳನ್ನು ಹವ್ಯಾಸವೆಂದೇ ಬರೆಯತೊಡಗಿದನು. ಅದನ್ನು ಬಚ್ಚಿಡದೆ, ಓದಿ ತಿದ್ದಲು ಎಲ್ಲರಿಗೂ ತೆರೆದಿಟ್ಟನು. ಅದೇ ‘ಲಿನಕ್ಸ್’.

ಆ ನೀರು ಬೆಂಗಳೂರಿಗೂ ಹರಿದು ಬಂದಿತು. ಬಡವರಿಗೂ ಎಟುಕುವ, ಅಂಗೈಯಲ್ಲಿ ಹಿಡಿಯಬಹುದಾದ ಗಣಕವೊಂದನ್ನು ಮಾಡಬೇಕೆಂದು ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಜ್ಞರೊಡನೆ ಸಂಕಲ್ಪಿಸಿದರು. 2001ರಲ್ಲಿ ಅದರ ಮಾದರಿಯು ಪ್ರಕಟವಾಯಿತು. ಅದೇ ‘ಸಿಂಪ್ಯೂಟರ್’. ಒಂದೇ ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡುಗಳಿಂದ ಹಂಚಿಕೊಂಡು ಬಳಸಬಹುದಾಗಿತ್ತು. ಓದಲು ಬಾರದವರಿಗಾಗಿ ಅದು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವಂತೆಯೂ ಯೋಜಿಸಲಾಗಿತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಎಂಬ ಸಿಂಪ್ಯೂಟರು ಕೈಯ ಚಲನೆಯನ್ನೂ ಗ್ರಹಿಸುತ್ತಿತ್ತು. ಯಂತ್ರವನ್ನು ಓರೆಮಾಡಿಯೇ ಆಟವಾಡಬಹುದಾಗಿತ್ತು. ಇಷ್ಟೆಲ್ಲ ಹೊಸತನ್ನು ಯೋಚಿಸಿದವರು ಕಾರ್ಯಾಚರಣ ವ್ಯವಸ್ಥೆಯನ್ನು ಮಾತ್ರ ಮೊದಲಿನಿಂದ ಬರೆಯಲು ಹೋಗಲಿಲ್ಲ; ಲಿನಕ್ಸನ್ನೇ ಆರಿಸಿಕೊಂಡರು. ಹೊಸ ಕೆರೆಯನ್ನು ತೋಡುವ ಬದಲು ಇರುವ ಕೆರೆಯಿಂದ ಹೊಸ ಕಾಲುವೆ ತೆಗೆದರು. ಸಿಂಪ್ಯೂಟರು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲವೆಂಬುದು ನಿಜ. ಆದರೂ ಜನರ ಅಗತ್ಯವನ್ನು ಮುಂದಿಟ್ಟುಕೊಂಡು ಯಂತ್ರವನ್ನು ರೂಪಿಸಬಹುದೆಂಬ ಧೈರ್ಯವನ್ನು ಅದು ತೋರಿತು.

ಆಟಕ್ಕಾಗಿಯೇ ಒಂದು ಸ್ವತಂತ್ರ ವ್ಯವಸ್ಥೆಯನ್ನು ಕಟ್ಟುವ ಹಂಬಲ ಇಂದಿಗೂ ತರುಣರಲ್ಲಿ ಮೂಡುತ್ತದೆ. ಅವರಿಗೆ ಎದುರಾಗುವ ತೊಡಕು ಜಾಣತನದ ಕೊರತೆಯಲ್ಲ. ಆಟಗಳಿಲ್ಲದ ವ್ಯವಸ್ಥೆಗೆ ಆಡುವವರು ಬರುವುದಿಲ್ಲ. ಆಡುವವರಿಲ್ಲದ ವ್ಯವಸ್ಥೆಗೆ ಆಟ ಬರೆಯುವವರು ಬರುವುದಿಲ್ಲ. ಆಟಗಳನ್ನು ಮಾರುವ ವಾಲ್ವ್ ಎಂಬ ಅಮೆರಿಕದ ದೊಡ್ಡ ಕಂಪನಿಯು 2013ರಲ್ಲಿ ಲಿನಕ್ಸಿನ ಮೇಲೆ ಕಟ್ಟಿದ ‘ಸ್ಟೀಮ್ ಓಎಸ್’ ಕೂಡ ಮೊದಲಿಗೆ ಇದೇ ಕಾರಣದಿಂದ ಸೊರಗಿತು. ವಿಂಡೋಸ್‌ಗಾಗಿ ಬರೆದ ಆಟಗಳನ್ನು ಲಿನಕ್ಸಿನ ಮೇಲೆ ನಡೆಸುವ ‘ಪ್ರೋಟಾನ್’ 2018ರಲ್ಲಿ ಬಂದ ಮೇಲೆ, 2022ರ ‘ಸ್ಟೀಮ್ ಡೆಕ್’ ಎಂಬ ಕೈಗಣಕದಲ್ಲಿ ಅದಕ್ಕೆ ನೆಲೆ ದೊರೆಯಿತು.

ಆದುದರಿಂದ ಹೊಸದನ್ನು ಕಟ್ಟಬಯಸುವವನು ಎರಡು ಪ್ರಶ್ನೆಗಳನ್ನು ತನಗೆ ಹಾಕಿಕೊಳ್ಳಬೇಕಾಗುತ್ತದೆ: ಇದು ಯಾವ ಕೊರತೆಯನ್ನು ನೀಗುತ್ತದೆ? ಇದರ ಮೇಲೆ ಬೇರೆಯವರು ಏನನ್ನು ಬೆಳೆಯಬಲ್ಲರು? ಥಾಂಪ್ಸನ್ನನ ಮುಂದಿದ್ದುದು ಜಗತ್ತನ್ನು ಬದಲಿಸುವ ಗುರಿಯಲ್ಲ, ನೌಕೆಯೊಂದನ್ನು ಸರಾಗವಾಗಿ ಇಳಿಸುವ ಆಸೆ. ಆ ಸಣ್ಣ ಆಸೆಯನ್ನು ಅವನು ಅರ್ಧಕ್ಕೆ ಬಿಡಲಿಲ್ಲ. ದೊರೆತ ಫಲವನ್ನು ಇತರರೊಡನೆ ಹಂಚಿಕೊಂಡನು. ಅವನ ನೌಕೆಯನ್ನು ಇಂದು ಆಡುವವರು ವಿರಳ. ಅದು ಇಳಿಯಲೆಂದು ಸಿದ್ಧಪಡಿಸಿದ ನೆಲದ ಮೇಲೆ ಮಾತ್ರ ಲಕ್ಷಾಂತರ ಜನ ಇಂದಿಗೂ ಬೇಸಾಯ ಮಾಡುತ್ತಿದ್ದಾರೆ.